ಅಗ್ಗವಾಗಿರುವುದು ಊರಲ್ಲ

ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಹೊರಡುವ ಮಾತು 'ಆರಾಮಾ?'. ಮೈ ಹುಷಾರಿದೆಯೇ, ಮನೆಮಂದಿ ಚೆನ್ನಾಗಿದ್ದಾರೆಯೇ ಎಂಬಷ್ಟೇ ಅದರ ಅರ್ಥ. ಈಚೆಗೆ ಆ ಮಾತಿಗೊಂದು ಬಾಲ ಬೆಳೆದಿದೆ. ಕಳೆದ ಬೇಸಿಗೆಯಲ್ಲಿ ಶಿರಸಿ ಹತ್ತಿರದ ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಬೆಂಗಳೂರಿನ ನೆಂಟರು ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಶುರು ಮಾಡಿದರು: "ನೀನು ಆರಾಮ ಬಿಡೋ ಮಾರಾಯ. ಊರಲ್ಲಿ ಏನು ಖರ್ಚು? ಮೂವತ್ತು ಸಾವಿರ ಇದ್ದರೆ ರಾಜನ ಹಾಗೆ ಇರಬಹುದು. ನಮಗೆ ಅಲ್ಲಿ ಲಕ್ಷವೂ ಸಾಲುವುದಿಲ್ಲ."

ಪಂಕ್ತಿಯಲ್ಲಿ ವಾದ ಹೂಡಬಾರದು, ಬಡಿಸುವವರಿಗೆ ಕಷ್ಟ. ಹೂಂಗುಟ್ಟಿ ಸುಮ್ಮನಾದೆ. ಆದರೆ ಇದು ಅವರೊಬ್ಬರ ಮಾತಲ್ಲ. ಸಂಬಳದ ಪತ್ರ ಬರೆಯುವ ಕಂಪನಿಗಳು, ಭತ್ಯೆ ಗೊತ್ತುಮಾಡುವ ಇಲಾಖೆಗಳು, ಕೆಲಸ ಬಿಟ್ಟು ಊರಿಗೆ ಬರುವ ಕನಸು ಕಾಣುವ ಹುಡುಗರು ಎಲ್ಲರೂ ಇದನ್ನು ನಂಬಿದ್ದಾರೆ. ನಂಬದವರೆಂದರೆ ಮಲೆನಾಡಿನಲ್ಲಿ ಹೆಣ್ಣು ಹೆತ್ತವರು ಮಾತ್ರ. ತೋಟ, ಸ್ವಂತ ಮನೆ ಎಲ್ಲ ಇರುವ ವರನನ್ನು ಬಿಟ್ಟು ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯವನಿಗೆ ಮಗಳನ್ನು ಕೊಡುತ್ತಾರೆ. ಅವರನ್ನು ನಾವೆಲ್ಲ ಬೈಯುತ್ತೇವೆ. ಅವರ ಲೆಕ್ಕ ನಮ್ಮ ಲೆಕ್ಕಕ್ಕಿಂತ ಚುರುಕಾಗಿದೆಯೇನೋ ಎಂಬ ಅನುಮಾನ ನನಗೆ ತಡವಾಗಿ ಬಂತು.

ಆರು ವರ್ಷದ ಹಿಂದೆ ಬೆಂಗಳೂರಿನ ಮನೆ ಖಾಲಿ ಮಾಡಿ, ಅಡ್ವಾನ್ಸಿನಲ್ಲಿ ಬಣ್ಣದ ಹಣ ಮುರಿಸಿಕೊಂಡು ಊರಿಗೆ ಬಂದಾಗ ನಾನೂ ಇದನ್ನೇ ನಂಬಿದ್ದೆ. ಅಪ್ಪನಿಂದ ಬಂದ ಒಂದು ಚಟ ನನಗಿದೆ: ದಿನದ ಖರ್ಚನ್ನು ಉದ್ದ ಪುಸ್ತಕದಲ್ಲಿ ಬರೆದಿಡುವುದು. ಬೆಂಗಳೂರಿನ ಪುಸ್ತಕವನ್ನೂ ಊರಿನ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಿಚ್ಚಳವಾಗಿ ಇಳಿದದ್ದು ಒಂದೇ ಸಾಲು, ಮನೆ ಬಾಡಿಗೆ. ಅದು ಸಣ್ಣ ಸಾಲೂ ಅಲ್ಲ. ಕೊರೋನಾ ಮುಗಿದು ಕಚೇರಿಗಳು ಮತ್ತೆ ತೆರೆದ ಮೇಲೆ ವೈಟ್‌ಫೀಲ್ಡ್, ಬೆಳ್ಳಂದೂರು ಕಡೆ ಬಾಡಿಗೆ ಏರಿದ ಬಗೆಯನ್ನು ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ. ಬಾಡಿಗೆಯ ವ್ಯತ್ಯಾಸ ನಿಜ, ದೊಡ್ಡದು, ನೋಯಿಸುವಂಥದ್ದು. ನನ್ನ ತಕರಾರಿರುವುದು ಆ ಒಂದು ಸಾಲನ್ನು ಹಿಡಿದು ಇಡೀ ಪುಸ್ತಕವೇ ಅಗ್ಗ ಎನ್ನುವವರ ಜತೆ.

ಉಳಿದ ಸಾಲುಗಳನ್ನು ನೋಡಿ. ನಂದಿನಿ ಹಾಲಿಗೆ 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿದಾಗ ಜಯನಗರದವರಿಗೂ ಸಿದ್ದಾಪುರದವರಿಗೂ ಏರಿತು. ಸೋಪು, ಚಹಾಪುಡಿ, ಬಿಸ್ಕತ್ತಿನ ಪೊಟ್ಟಣದ ಮೇಲಿನ ಗರಿಷ್ಠ ಬೆಲೆ ಊರು ನೋಡಿ ಅಚ್ಚಾಗುವುದಿಲ್ಲ. ಸರ್ಕಾರ ಬೆಲೆಮಿತಿ ಹಾಕಿದ ಬಿಪಿ, ಶುಗರಿನ ಮಾತ್ರೆಗೂ ದೇಶಕ್ಕೆಲ್ಲ ಒಂದೇ ಮಿತಿ. ಮೊಬೈಲು, ಅದರ ರೀಚಾರ್ಜು, ಸ್ಕೂಟರು, ಫ್ರಿಜ್ಜು, ಬಂಗಾರ ಇವುಗಳಿಗೆ ಊರಿನ ದರ ಅಂತ ಬೇರೆ ಇಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ತೆರಿಗೆಯೂ ಒಂದೇ. ಪೆಟ್ರೋಲು ಮತ್ತು ಅಡುಗೆ ಅನಿಲ ಸಾಗಣೆಯ ದೂರವನ್ನು ಸೇರಿಸಿಕೊಂಡು ಬರುವುದರಿಂದ ರಾಜಧಾನಿಗಿಂತ ನಮ್ಮಂಥ ಮೂಲೆಯ ಜಿಲ್ಲೆಗಳಲ್ಲಿ ಕೊಂಚ ಹೆಚ್ಚೇ. ತರಕಾರಿಯ ಮಾತು ಬಂದರೆ ಬೆಂಗಳೂರಿನವರಿಗೆ ಊರೆಂದರೆ ಹಿತ್ತಲು, ಹಿತ್ತಲೆಂದರೆ ಬಸಳೆ ಚಪ್ಪರ. ಮಳೆಗಾಲದ ನಾಲ್ಕು ತಿಂಗಳು ಮಲೆನಾಡಿನ ಹಿತ್ತಲಲ್ಲಿ ಕೆಸು ಬಿಟ್ಟರೆ ಹೆಚ್ಚೇನೂ ಏಳುವುದಿಲ್ಲ. ಟೊಮೆಟೊ, ಈರುಳ್ಳಿ, ಕ್ಯಾರೆಟ್ಟು ಘಟ್ಟ ಬಯಲುಗಳನ್ನು ದಾಟಿ ಲಾರಿಯಲ್ಲೇ ಬರಬೇಕು. ಕೃಷ್ಣರಾಜ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಆರಕ್ಕೆ ನಾನು ಕೊಳ್ಳುತ್ತಿದ್ದ ಬೀನ್ಸ್ ಇಲ್ಲಿಗಿಂತ ಎಷ್ಟೋ ಸಲ ಸೋವಿಯಾಗಿರುತ್ತಿತ್ತು.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ, ಸರ್ಕಾರದ ಸಂಬಳದ ನಿಯಮವೇ ಹೇಳುತ್ತದೆ. ಕೇಂದ್ರ ಸರ್ಕಾರಿ ನೌಕರನ ಮೂಲ ವೇತನ ಎಲ್ಲಿದ್ದರೂ ಒಂದೇ. ತುಟ್ಟಿ ಭತ್ಯೆ, ಅಂದರೆ ಬೆಲೆಯೇರಿಕೆಗೆಂದೇ ಕೊಡುವ ಹಣ, ದೇಶಕ್ಕೆಲ್ಲ ಒಂದೇ ಶೇಕಡಾ. ಊರು ನೋಡಿ ಮುಖ್ಯವಾಗಿ ಬದಲಾಗುವುದು ಮನೆ ಬಾಡಿಗೆ ಭತ್ಯೆ, ಅದರ ಜತೆಗೆ ಒಂದಿಷ್ಟು ಪ್ರಯಾಣ ಭತ್ಯೆ. 2024ರ ಜನವರಿಯಿಂದ ತುಟ್ಟಿ ಭತ್ಯೆ ಶೇ. 50 ಮುಟ್ಟಿದಾಗ ಬಾಡಿಗೆ ಭತ್ಯೆ ಬೆಂಗಳೂರಿನಂಥ ಮಹಾನಗರಗಳಿಗೆ ಶೇ. 30, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಎರಡನೆಯ ದರ್ಜೆಗೆ ಶೇ. 20, ಶಿರಸಿಯಂಥ ಉಳಿದೆಲ್ಲ ಊರಿಗೆ ಶೇ. 10 ಆಯಿತು. 50,000 ಮೂಲ ವೇತನದವನ ಆಗಿನ ಲೆಕ್ಕ ಹಾಕಿ: ತುಟ್ಟಿ ಭತ್ಯೆ ಸೇರಿ 75,000. ಬೆಂಗಳೂರಿನಲ್ಲಿ ಬಾಡಿಗೆ ಭತ್ಯೆ ಕೂಡಿ 90,000, ಶಿರಸಿಯಲ್ಲಿ 80,000. ಊರಿಂದ ಊರಿಗೆ ಬದುಕಿನ ವೆಚ್ಚ ಎಷ್ಟು ಬದಲಾಗುತ್ತದೆ ಎಂದು ಕೇಳಿದರೆ ಭಾರತ ಸರ್ಕಾರದ ಉತ್ತರ ಒಂಬತ್ತರಲ್ಲಿ ಒಂದು ಪಾಲು. ನೆಂಟರ ಉತ್ತರ ಹತ್ತರಲ್ಲಿ ಏಳು ಪಾಲು.

(ಬೆಂಗಳೂರಿನ ಪರವಾಗಿಯೂ ಒಂದು ಮಾತು ಹೇಳಿಬಿಡಬೇಕು. ಸಂಬಳದ ನಿಯಮಕ್ಕೆ ಬೆಂಗಳೂರು ಮೊದಲ ದರ್ಜೆಯ ನಗರವಾದ ಮೇಲೂ ಆದಾಯ ತೆರಿಗೆಯ ನಿಯಮಕ್ಕೆ ಬಹುಕಾಲ ಅದು ಮಹಾನಗರವಾಗಿರಲಿಲ್ಲ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈನವರಿಗೆ ಬಾಡಿಗೆ ವಿನಾಯಿತಿಯ ಮಿತಿ ಸಂಬಳದ ಶೇ. 50 ಇದ್ದಾಗ ಬೆಂಗಳೂರಿನವರಿಗೆ ಶಿರಸಿಯವರಂತೆಯೇ ಶೇ. 40. ಅಲ್ಲಿ ಮಾತ್ರ ನಾವು ಸಮಸಮವಾಗಿದ್ದೆವು.)

ಇನ್ನೊಂದು ದಾಖಲೆಯೂ ಇದೆ. ಬಡತನದ ರೇಖೆಯನ್ನು ಹೊಸದಾಗಿ ಎಳೆಯಲು ಹೊರಟ ಸುರೇಶ್ ತೆಂಡೂಲ್ಕರ್ ಸಮಿತಿ 2009ರಲ್ಲಿ ಪಟ್ಟಣದ ಬಡವರ ಖರೀದಿಯ ಬುಟ್ಟಿಯನ್ನು ಹಿಡಿದು, ಹಳ್ಳಿಯ ಬೆಲೆಯಲ್ಲಿ ಅದಕ್ಕೆಷ್ಟು ಬೀಳುತ್ತದೆಂದು ನೋಡಿತು. ಆ ವಿಧಾನದಲ್ಲಿ 2011-12ಕ್ಕೆ ಬಂದ ರೇಖೆ ತಲೆಗೆ ತಿಂಗಳಿಗೆ ಪಟ್ಟಣದಲ್ಲಿ 1,000 ರೂಪಾಯಿ, ಹಳ್ಳಿಯಲ್ಲಿ 816. ಆ ಮೊತ್ತಗಳು ನಗೆಪಾಟಲಾದವು, ಆಗಬೇಕಾದದ್ದೇ. ಆದರೆ ಎರಡರ ನಡುವಿನ ಅಂತರವನ್ನು ನೋಡಿ, ಐದರಲ್ಲಿ ಒಂದು ಪಾಲೂ ಇಲ್ಲ. ಬಡವರ ಬುಟ್ಟಿ ನಮ್ಮದಲ್ಲ ಎನ್ನುವಿರಾ? ಸರಿ. ಬುಟ್ಟಿ ದೊಡ್ಡದಾದಷ್ಟೂ ಅದರಲ್ಲಿ ಕಂಪನಿ ಸಾಮಾನು, ಪೆಟ್ರೋಲು, ಫೀಸು, ಔಷಧಿ ತುಂಬುತ್ತವೆ. ಅವುಗಳ ಬೆಲೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಊರಿನವರು ಕಡಿಮೆ ಖರ್ಚು ಮಾಡುವುದಿಲ್ಲವೇ? ಮಾಡುತ್ತಾರೆ. ರಾಷ್ಟ್ರೀಯ ಅಂಕಿಅಂಶ ಕಚೇರಿಯ 2023-24ರ ಗೃಹಬಳಕೆ ವೆಚ್ಚದ ಸಮೀಕ್ಷೆಯಲ್ಲಿ ತಲೆಯೊಂದಕ್ಕೆ ತಿಂಗಳ ಖರ್ಚು ಹಳ್ಳಿಯಲ್ಲಿ 4,122 ರೂಪಾಯಿ, ಪಟ್ಟಣದಲ್ಲಿ 6,996. ಇದನ್ನು ತೋರಿಸಿ 'ನೋಡಿ, ಹಳ್ಳಿಯಲ್ಲಿ ಎಷ್ಟು ಕಡಿಮೆಗೆ ಬದುಕಬಹುದು' ಎನ್ನುವುದು ಸುಲಭ. ಅದೇ ಸಮೀಕ್ಷೆಯಲ್ಲಿ ಹಳ್ಳಿಯವರ ಖರ್ಚಿನಲ್ಲಿ ಊಟತಿಂಡಿಯ ಪಾಲು ಶೇ. 47, ಪಟ್ಟಣದವರದು ಸುಮಾರು ಶೇ. 40. ಅಗ್ಗದಲ್ಲಿ ಬದುಕುವವನ ಕೈಯಲ್ಲಿ ಊಟ ಕಳೆದು ಹೆಚ್ಚು ಉಳಿಯಬೇಕಿತ್ತಲ್ಲ? ಇಲ್ಲಿ ಉಳಿಯುತ್ತಿರುವುದು ಕಡಿಮೆ. ಕೈಯಲ್ಲಿದ್ದಷ್ಟಕ್ಕೆ ಆಸೆಯನ್ನು ಮಡಚಿಕೊಂಡದ್ದನ್ನು ನಾವು ಊರಿನ ಅಗ್ಗ ಎಂದು ಓದುತ್ತಿದ್ದೇವೆ.

ನನ್ನ ಪುಸ್ತಕದಲ್ಲಿ ಬೆಂಗಳೂರಿನಲ್ಲಿರುವಾಗ ಇಲ್ಲದ ಒಂದು ಶೀರ್ಷಿಕೆ ಈಗಿದೆ: 'ಹೋಗಿಬರುವ ಖರ್ಚು'. ಅದರ ದೊಡ್ಡ ಪಾಲು ಆಸ್ಪತ್ರೆಯದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಳೆನೀರಿಗೆ ಜಾರಿ ಉರುಳಿ ನಾಲ್ವರು ಸತ್ತಾಗ ಆ ಕೂಗು ರಾಜ್ಯಕ್ಕೆಲ್ಲ ಕೇಳಿಸಿತು. ಎದೆನೋವಾದರೆ ಶಿರಸಿಯವರು ನೂರು ಕಿಲೋಮೀಟರ್ ಆಚೆಯ ಹುಬ್ಬಳ್ಳಿಗೋ, ಕರಾವಳಿಯವರು ಮಣಿಪಾಲ, ಮಂಗಳೂರಿಗೋ, ಕಾರವಾರದವರು ಗೋವಾಕ್ಕೋ ಓಡಬೇಕು. ಅಪ್ಪನ ಹೃದಯದ ಚಿಕಿತ್ಸೆಗೆಂದು ನಾವು ಹೀಗೊಮ್ಮೆ ಓಡಿದೆವು. ಆಸ್ಪತ್ರೆಯ ಬಿಲ್ಲಿನ ಬಗ್ಗೆ ನನಗೇನೂ ದೂರಿಲ್ಲ, ಬೆಂಗಳೂರಿನಲ್ಲೂ ಅಷ್ಟೇ ಆಗುತ್ತಿತ್ತು. ಆದರೆ ಬಾಡಿಗೆ ಕಾರು, ಹನ್ನೊಂದು ದಿನ ಲಾಡ್ಜು, ಇಬ್ಬರ ಹೋಟೆಲ್ ಊಟ, ಆಮೇಲೆ ವರ್ಷಕ್ಕೆ ನಾಲ್ಕು ಸಲ ತೋರಿಸಿಕೊಂಡು ಬರುವ ಪ್ರಯಾಣ, ಪ್ರತಿ ಪ್ರಯಾಣಕ್ಕೂ ಎರಡು ದಿನದ ಕೆಲಸ ಹಾಳು. ಆಯುಷ್ಮಾನ್ ಕಾರ್ಡು ಇದ್ದವರಿಗೂ ಅದು ಹಾಸಿಗೆಯ ಮೇಲಿರುವವರ ಖರ್ಚನ್ನಷ್ಟೇ ನೋಡಿಕೊಳ್ಳುತ್ತದೆ. ಹಾಸಿಗೆಯ ಪಕ್ಕ ಚಾಪೆ ಹಾಸಿ ಮಲಗಿದವರದನ್ನು ನೋಡುವವರಿಲ್ಲ. ಬಸವನಗುಡಿಯಲ್ಲಿರುವ ನನ್ನ ಸೋದರತ್ತೆ ಇದೇ ಕಾಯಿಲೆಗೆ ಮೆಟ್ರೋ ಹತ್ತಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. 2025ರ ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಏರಿದ್ದನ್ನು ಅವರು ನನಗೆ ಫೋನು ಮಾಡಿ ಅರ್ಧ ಗಂಟೆ ಬೈದರು. ಕೇಳಿಸಿಕೊಂಡೆ.

ಮಕ್ಕಳ ಓದಿನದೂ ಇದೇ ಕಥೆ. ಹತ್ತನೇ ತರಗತಿಯವರೆಗೆ ಊರು ನಿಜಕ್ಕೂ ಆರಾಮ, ಇಲ್ಲಿನ ಶಾಲೆಗಳು ಒಳ್ಳೆಯವು. ಪಿಯುಸಿ ಬಂದಕೂಡಲೇ ಮೂಡುಬಿದಿರೆ, ಮಂಗಳೂರು, ಧಾರವಾಡ. ಹಾಸ್ಟೆಲ್ಲು, ಮೆಸ್ಸು, ನೀಟ್-ಸಿಇಟಿ ತರಬೇತಿ. ಬೆಂಗಳೂರಿನ ಹುಡುಗ ಅಮ್ಮನ ಕೈಯ ಉಪ್ಪಿಟ್ಟು ತಿಂದು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನಮ್ಮ ಹುಡುಗನ ಉಪ್ಪಿಟ್ಟಿಗೆ ಮುಂಗಡ ಕಟ್ಟಬೇಕು. ಇಂಜಿನಿಯರಿಂಗ್ ಸೀಟಿನ ಫೀಸು ಊರು ಕೇಳುವುದಿಲ್ಲ. ಓದು ಮುಗಿದ ಮೇಲೆ ಕೆಲಸ ಸಿಗುವುದು ಬೆಂಗಳೂರಿನಲ್ಲೇ, ಮೊದಲ ವರ್ಷ ಅವನ ಪೀಜಿಗೆ ಊರಿಂದಲೇ ಹಣ ಹೋಗಬೇಕು. ಬೆಂಗಳೂರಿನ ಬಾಡಿಗೆ ತಪ್ಪಿಸಿಕೊಂಡೆ ಎಂದು ಬೀಗಿದ್ದ ನಾನು ಈಗ ಅದನ್ನು ಕಂತಿನಲ್ಲಿ ಕಟ್ಟುತ್ತಿದ್ದೇನೆ.

ಗಳಿಕೆಯದು ಇನ್ನೊಂದು ಮುಖ. ಬದುಕಲು ಇಷ್ಟು ಬೇಕು ಎಂದು ಲೆಕ್ಕ ಹಾಕುವವರು ಸಂಬಳ ಒಂದೇ ಎಂದು ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ನಮ್ಮ ಮನೆಗೆ ಎರಡು ಸಂಬಳ ಬರುತ್ತಿತ್ತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನನ್ನ ಹೆಂಡತಿಗೆ ಇಲ್ಲಿ ಸಿಕ್ಕ ಆಯ್ಕೆಗಳು ಖಾಸಗಿ ಶಾಲೆಯ ಟೀಚರಿಕೆ, ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವುದು, ಅದೂ ಬೇಡವೆಂದರೆ ಹಪ್ಪಳ ಸಂಡಿಗೆ. ಬೆಂಗಳೂರಿನ ಬಾಡಿಗೆ ಎಂದರೆ ಬರೀ ನಾಲ್ಕು ಗೋಡೆಯ ಬೆಲೆಯಾಗಿರಲಿಲ್ಲ, ಎರಡನೆಯ ಸಂಬಳದ ಹತ್ತಿರ ಇರುವುದಕ್ಕೆ ಕೊಡುವ ಶುಲ್ಕವೂ ಆಗಿತ್ತು. ಬಾಡಿಗೆ ಉಳಿಸಿ ಆ ಸಂಬಳವನ್ನು ಕಳೆದುಕೊಂಡದ್ದು ನನ್ನ ಪುಸ್ತಕದಲ್ಲಿ ಎಲ್ಲೂ ನಮೂದಾಗಿಲ್ಲ. ಖರ್ಚಿನ ಪುಸ್ತಕದಲ್ಲಿ ಬಾರದ ಹಣಕ್ಕೆ ಕಾಲಂ ಇರುವುದಿಲ್ಲ.

ಇಷ್ಟಾದರೂ ಊರಿನಲ್ಲಿ ನಿಜವಾಗಿ ಆರಾಮವಾಗಿರುವವರಿದ್ದಾರೆ. ಅವರು ಯಾರೆಂದು ನೋಡಿದರೆ ಈ ಜನಪ್ರಿಯ ಮಾತು ಎಲ್ಲಿ ಹುಟ್ಟಿತೆಂಬುದು ತಿಳಿಯುತ್ತದೆ. ಪಿಂಚಣಿದಾರರು, ಬ್ಯಾಂಕಿನವರು, ಸರ್ಕಾರಿ ಶಾಲೆ ಕಾಲೇಜಿನ ಮೇಷ್ಟ್ರುಗಳು, ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ಸಾಫ್ಟ್‌ವೇರ್ ಹುಡುಗರು, ಬೆಂಗಳೂರಿನ ಪ್ರಕಾಶಕರಿಗೆ ಅನುವಾದ ಮಾಡಿಕೊಡುವ ನಾನು. ನಮ್ಮೆಲ್ಲರ ಆದಾಯ ನಿಗದಿಯಾಗುವುದು ಬೇರೆಲ್ಲೋ, ನಾವು ಖರ್ಚು ಮಾಡುವುದು ಇಲ್ಲಿ. ಇದರ ಜತೆಗೆ ಅಜ್ಜ ಕಟ್ಟಿಸಿದ ಮನೆಯೂ ತಂದೆಯ ಪಾಲಿಗೆ ಬಂದ ಎರಡೆಕರೆ ತೋಟವೂ ಇದ್ದರೆ ಮುಗಿಯಿತು. ಇವು ಯಾವುವೂ ಊರಿನ ಗುಣಗಳಲ್ಲ, ನಮ್ಮ ಜಾತಕದ ಗುಣಗಳು. ಇದೇ ಊರಿನಲ್ಲಿ ಬಾಡಿಗೆ ಮನೆಯಲ್ಲಿರುವ ಬಟ್ಟೆ ಅಂಗಡಿಯ ಗುಮಾಸ್ತನಿಗೆ, ಖಾಸಗಿ ನರ್ಸಿಂಗ್ ಹೋಮಿನ ನರ್ಸಿಗೆ ಈ ಊರು ಅಗ್ಗವೇ ಎಂದು ಪಂಕ್ತಿಯಲ್ಲಿ ಯಾರೂ ಕೇಳುವುದಿಲ್ಲ.

ಸ್ವಂತ ಮನೆಯ ಈ ಕುರುಡು ಸರ್ಕಾರದ ಲೆಕ್ಕಕ್ಕೂ ಇತ್ತು. 2012ನ್ನು ಮೂಲವರ್ಷ ಮಾಡಿಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಪಟ್ಟಣದ ಪಟ್ಟಿಗೆ ವಸತಿಯ ತೂಕ ಶೇ. 21.67 ಇತ್ತು. ಹಳ್ಳಿಯ ಪಟ್ಟಿಯಲ್ಲಿ ವಸತಿ ಎಂಬ ಬಾಬ್ತೇ ಇರಲಿಲ್ಲ. ಹಳ್ಳಿಯಲ್ಲಿ ಎಲ್ಲರಿಗೂ ಮನೆಯಿದೆ, ಮನೆ ಪುಕ್ಕಟೆ ಎಂಬ ಧೋರಣೆ. ಪ್ರತಿ ಮೇ ತಿಂಗಳಲ್ಲಿ ಹೆಂಚು ಸರಿಮಾಡಿಸಿ, ಒರಲೆ ತಿಂದ ಪಕಾಸಿ ಬದಲಿಸಿ, ಮಳೆ ಹೊಡೆಯುವ ಕಡೆಗೆಲ್ಲ ತಟ್ಟಿ ಕಟ್ಟಿಸುವವರನ್ನು ಕೇಳಬೇಕಿತ್ತು ಪುಕ್ಕಟೆ ಮನೆ ಎಂದರೆ ಎಷ್ಟೆಂದು.

ಇಷ್ಟಕ್ಕೂ ಊರಿನಲ್ಲಿ ಅಗ್ಗವಾಗಿ ಸಿಗುವುದು ಏನು? ಬಾಡಿಗೆ ಬಿಟ್ಟರೆ ಉಳಿಯುವುದು ಮನುಷ್ಯರ ಕೆಲಸ. ಕ್ಷೌರ, ಹೊಲಿಗೆ, ಮನೆಗೆಲಸ, ಟ್ಯೂಷನ್, ಅಡುಗೆ. ಲಾರಿಯಲ್ಲಿ ಹೇರಿ ಬೇರೆಡೆ ಮಾರಲಾಗದವು. ಬೆಂಗಳೂರಿಗೆ ಹೋಲಿಸಿದರೆ ಇವಕ್ಕೆ ಇಲ್ಲಿ ಕಡಿಮೆ ಕೊಡುತ್ತೇವೆ. ಕಡಿಮೆ ಯಾಕೆಂದರೆ ಆ ಕೆಲಸ ಮಾಡುವವರಿಗೆ ಇಲ್ಲಿ ಬೇರೆ ಕೆಲಸವಿಲ್ಲ. ನನ್ನ ಖರ್ಚಿನ ಕಾಲಂನಲ್ಲಿ ಉಳಿತಾಯವೆಂದು ಕಾಣುವುದು ಇನ್ನೊಬ್ಬರ ಪುಸ್ತಕದಲ್ಲಿ, ಅವರು ಬರೆದಿಟ್ಟರೆ, ಸಂಬಳವೆಂದು ಕಾಣುತ್ತದೆ. 'ಅಗ್ಗದ ಊರು' ಎಂಬುದರ ಪೂರ್ತಿ ಅರ್ಥ ಇಷ್ಟೇ: ಇಲ್ಲಿನವರ ದುಡಿಮೆ ಸೋವಿ.

ಈ ಮಾತು ಪಂಕ್ತಿಯಲ್ಲೇ ಉಳಿದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಅದು ಕಾಗದದ ಮೇಲೂ ಇದೆ. ಕರ್ನಾಟಕದ ಕನಿಷ್ಠ ವೇತನದ ಅಧಿಸೂಚನೆಗಳು ರಾಜ್ಯವನ್ನು ವಲಯಗಳಾಗಿ ಒಡೆದು, ಬೆಂಗಳೂರನ್ನು ಮೊದಲ ವಲಯದಲ್ಲಿಟ್ಟು, ಕೆಳಗಿಳಿದಂತೆ ಒಂದೇ ಕೆಲಸಕ್ಕೆ ಕಡಿಮೆ ಕೂಲಿ ಬರೆಯುತ್ತವೆ. ಕೆಳಗಿನ ವಲಯದವನು ಕೊಳ್ಳುವ ಗ್ಯಾಸ್ ಸಿಲಿಂಡರಿಗೆ ಕೆಳಗಿನ ವಲಯದ ದರವಿಲ್ಲ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಕಡೆಗೆ ಕಂಪನಿಗಳನ್ನು ಕರೆಯುವ 'ಬಿಯಾಂಡ್ ಬೆಂಗಳೂರು' ಕಾರ್ಯಕ್ರಮದ ಉದ್ದೇಶ ಒಳ್ಳೆಯದು, ಹತ್ತು ವರ್ಷ ಮೊದಲೇ ಬರಬೇಕಿತ್ತು. ಆದರೆ ಅಲ್ಲಿ ಕಂಪನಿಗಳಿಗೆ ತೋರಿಸುವ ಆಕರ್ಷಣೆಗಳಲ್ಲಿ ಒಂದು ಕಡಿಮೆ ವೆಚ್ಚ, ಕಂಪನಿಯ ವೆಚ್ಚದಲ್ಲಿ ದೊಡ್ಡ ಪಾಲು ಸಂಬಳವೇ. 2020ರ ಮೇನಲ್ಲಿ ಫೇಸ್‌ಬುಕ್ಕಿನ ಮಾರ್ಕ್ ಜುಕರ್‌ಬರ್ಗ್ ಮನೆಯಿಂದ ಕೆಲಸ ಮಾಡುವವರು ಅಗ್ಗದ ಊರಿಗೆ ಹೋದರೆ ಸಂಬಳವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ ಎಂದಾಗ ನಮ್ಮ ಹುಡುಗರು ಅದು ಅಮೆರಿಕದ ಸುದ್ದಿ ಎಂದುಕೊಂಡರು. ನಮ್ಮಲ್ಲಿ ಅದು ಆಗಲೇ ಹಳೆಯ ಪದ್ಧತಿ.

'ಬೆಂಗಳೂರಿನ ಖರ್ಚು' ಎಂಬುದೂ ಒಂದಲ್ಲ ಎಂಬುದನ್ನು ಮರೆಯಬಾರದು. ಲಗ್ಗೆರೆಯ ವಠಾರದಲ್ಲಿದ್ದು ಗಾರ್ಮೆಂಟ್ಸಿಗೆ ಹೋಗುವ ಹೆಂಗಸು ಲಕ್ಷದಲ್ಲಿ ಅಲ್ಲ, ಅದರ ಸಣ್ಣ ಚೂರಿನಲ್ಲಿ ತಿಂಗಳು ದಾಟಿಸುತ್ತಾಳೆ. 2023ರ ಜೂನ್ 11ರಂದು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಂತೆ ಮಾಡಿದ ಶಕ್ತಿ ಯೋಜನೆ ಶುರುವಾದಾಗ ಅವಳ ಬಸ್ ಖರ್ಚು ಸೊನ್ನೆಯಾಯಿತು. ಅದೇ ಯೋಜನೆ, ಅದೇ ದಿನ, ಖಾಸಗಿ ಬಸ್ಸುಗಳೇ ಹೆಚ್ಚಿರುವ ಉಡುಪಿಯಲ್ಲಿ ಬೀಡಿ ಕಟ್ಟುವ ಹೆಂಗಸಿಗೆ ಅಷ್ಟು ದಕ್ಕಲಿಲ್ಲ. ಊರು ನೋಡಿ ಬದುಕಿನ ವೆಚ್ಚ ಬದಲಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಲ್ಲಿ ದುಬಾರಿಯಾದದ್ದು ಸಣ್ಣ ಊರು. ಯಾವ ಸಾಮಾನಿನ ಬೆಲೆಯೂ ಅದಕ್ಕೆ ಕಾರಣವಲ್ಲ, ಸರ್ಕಾರಿ ಬಸ್ಸು ಆ ರಸ್ತೆಯಲ್ಲಿ ಇದೆಯೋ ಇಲ್ಲವೋ ಎಂಬುದು ಕಾರಣ.

ನೆಂಟರಿಗೆ ಉತ್ತರ ಕೊಡುವುದಾದರೆ ಹೀಗೆ ಕೊಡಬಹುದಿತ್ತು: ಸಣ್ಣ ಊರಿನಲ್ಲಿ ಆರಾಮವಾಗಿರಲು ಬೆಂಗಳೂರಿಗಿಂತ ಕಡಿಮೆ ಹಣ ಸಾಕು, ನಿನಗೆ ಅಲ್ಲಿ ಪಿತ್ರಾರ್ಜಿತ ಮನೆ ಇದ್ದರೆ, ಸಂಬಳ ಹೊರಗಿಂದ ಬರುತ್ತಿದ್ದರೆ, ಮಕ್ಕಳು ಹತ್ತನೇ ತರಗತಿ ದಾಟದಿದ್ದರೆ, ಹೆಂಡತಿ ಕೆಲಸ ಕೇಳದಿದ್ದರೆ, ಯಾರ ಎದೆಯೂ ನೋಯದಿದ್ದರೆ. ಆದರೆ ಅಷ್ಟು ಹೇಳುವಷ್ಟರಲ್ಲಿ ಮಜ್ಜಿಗೆ ಬಂದುಬಿಟ್ಟಿತ್ತು. ಅವರು ಮಾತು ಬದಲಿಸಿ ತಮ್ಮ ಪಾಲಿನ ತೋಟದ ಕಥೆಗೆ ಇಳಿದಿದ್ದರು. ಅಡಿಕೆ ಕೊನೆ ಕೀಳುವವರ ಮಜೂರಿ ಎಷ್ಟಾಗಿದೆ ಗೊತ್ತೇ, ಔಷಧಿ ಹೊಡೆಯಲು ಜನವೇ ಸಿಗುವುದಿಲ್ಲ, ಆಳು ವಿಪರೀತ ತುಟ್ಟಿಯಾದರು, ಹೀಗಾದರೆ ತೋಟ ಇಟ್ಟುಕೊಳ್ಳುವುದು ಹೇಗೆ? ಊರಲ್ಲಿ ಏನು ಖರ್ಚು ಎಂದು ಕೇಳಿ ಇನ್ನೂ ಕಾಲು ಗಂಟೆಯಾಗಿರಲಿಲ್ಲ.

ನಗುವ ಹಕ್ಕು ನನಗಿರಲಿಲ್ಲ. ಅದರ ಹಿಂದಿನ ವಾರವಷ್ಟೇ ನಮ್ಮ ಮನೆಗೆ ಪಾತ್ರೆ, ಕಸಮುಸುರೆಗೆ ಬರುವ ಹೆಂಗಸು ನನ್ನ ಹೆಂಡತಿಯ ಹತ್ತಿರ ಸಂಬಳ ಏರಿಸಲು ಕೇಳಿದ್ದಳು. ರೇಷನ್ ಅಕ್ಕಿ ಬರುತ್ತದೆ, ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದಲ್ಲ ಎಂದು ಒಳಗಿನಿಂದ ನಾನೇ ಅಂದೆ. "ಹೌದು, ಬರ್ತದೆ" ಎಂದಳು. "ಮಗಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆಯಮ್ಮಾ. ಅಲ್ಲಿ ಹಾಸ್ಟೆಲ್ಲಿನವರು ನಮ್ಮೂರಿನ ರೇಟು ಕೇಳೂದಿಲ್ಲ." ನನ್ನ ಇಡೀ ವಾದವನ್ನು ಅವಳು ಪಾತ್ರೆ ತಿಕ್ಕುತ್ತ ಒಂದೇ ಮಾತಿನಲ್ಲಿ ಮುಗಿಸಿದ್ದಳು. ಐನೂರು ಏರಿಸಿದೆವು. ರಾತ್ರಿ ಪುಸ್ತಕ ತೆರೆದು ಅದನ್ನು ಬರೆಯುವಾಗ ಕೈ ಅಭ್ಯಾಸಬಲದಿಂದ ಪಕ್ಕದಲ್ಲಿ ಷರಾ ಹಾಕಿತು: 'ಊರಲ್ಲೂ ಖರ್ಚು ಹೆಚ್ಚಾಗುತ್ತಿದೆ.'